ಇಯರ್‌ಫೋನಿನಲ್ಲಿದ್ದ ಧ್ವನಿ

ಬೆಳ್ತಂಗಡಿಯಲ್ಲಿ ಆಸ್ತಿಯ ದಸ್ತಾವೇಜು ಬರೆದುಕೊಡುವ ಒಂದು ಕಚೇರಿಗೆ ನಾನು ಕೆಲಸಕ್ಕೆ ಸೇರಿದಾಗ ಅಲ್ಲಿ ಎರಡು ಕಂಪ್ಯೂಟರುಗಳಿದ್ದವು. ಒಂದು ನನ್ನದಾಯಿತು. ಇನ್ನೊಂದರ ಮುಂದೆ ಐವತ್ತು ದಾಟಿದ, ಮಾತು ಕಡಿಮೆಯ ಒಬ್ಬರು ಕೂರುತ್ತಿದ್ದರು. ನಾನವರನ್ನು ಅಣ್ಣ ಎನ್ನುತ್ತಿದ್ದೆ. ಕ್ರಯಪತ್ರವೋ ದಾನಪತ್ರವೋ, ಟೈಪು ಮುಗಿದ ಮೇಲೆ ಅವರು ಕಿವಿಗೆ ಇಯರ್‌ಫೋನು ಸಿಕ್ಕಿಸಿ, ಕಣ್ಣು ಮುಚ್ಚಿ ಹತ್ತು ನಿಮಿಷ ಸುಮ್ಮನೆ ಕೂರುತ್ತಿದ್ದರು. ಹಳೆಯ ಹಾಡು ಕೇಳುತ್ತಾರೆ ಎಂದುಕೊಂಡಿದ್ದೆ. ಕಚೇರಿಯ ಯಜಮಾನರೂ ಹಾಗೇ ತಿಳಿದಿದ್ದರು. ಅಣ್ಣನ ಪತ್ರಗಳಲ್ಲಿ ಒಂದಕ್ಷರವೂ ತಪ್ಪುತ್ತಿರಲಿಲ್ಲ, ಹಾಗಾಗಿ ಯಾರೂ ಏನೂ ಹೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವರು ನನ್ನ ಮೇಜಿನ ಹತ್ತಿರ ಬಂದು ನಿಂತರು.

"ನಿನ್ನೆ ಎಂಥದೋ ಅಪ್‌ಡೇಟ್ ಆಯ್ತು. ಆಮೇಲೆ ಸೌಂಡೇ ಬರುದಿಲ್ಲ. ನಿನಗೆ ಗೊತ್ತುಂಟಲ್ಲ, ಒಮ್ಮೆ ನೋಡ್ತೀಯಾ?"

ಮೂಡುಬಿದಿರೆಯಲ್ಲಿ ಕಂಪ್ಯೂಟರ್ ಕಲಿತವಳು ನಾನು. ಕಷ್ಟದ ಕೆಲಸವೇನೂ ಆಗಿರಲಿಲ್ಲ. ಆದರೆ ಎದುರು ಫೈಲುಗಳ ರಾಶಿ ಇತ್ತು.

"ಹಾಡು ನಾಳೆ ಕೇಳಿದ್ರೂ ಆಗ್ತದಲ್ಲ ಅಣ್ಣ" ಎಂದೆ.

ಅವರು ಸಣ್ಣಗೆ ನಕ್ಕು ಹೋದರು. ನಾಲ್ಕು ದಿನ ಬಿಟ್ಟು ಇನ್ನೊಮ್ಮೆ ಕೇಳಿದರು. ಬಿಡುವಾದಾಗ ನೋಡುತ್ತೇನೆ ಎಂದೆ. ಮತ್ತೆ ಅವರು ಕೇಳಲಿಲ್ಲ.

ಆ ವಾರದಿಂದಲೇ ಅವರ ಪತ್ರಗಳಲ್ಲಿ ತಪ್ಪುಗಳು ಕಾಣತೊಡಗಿದವು. ಸರ್ವೆ ನಂಬರಿನ ಅಂಕಿಗಳು ಹಿಂದುಮುಂದಾಗುತ್ತಿದ್ದವು. ಜಾಗದ ನಾಲ್ಕು ದಿಕ್ಕಿನ ಗಡಿ ಹೇಳುವ ಚಕ್ಕುಬಂದಿಯಲ್ಲಿ ಒಂದು ಸಾಲು ಬಿಟ್ಟುಹೋಗುತ್ತಿತ್ತು. ತಿದ್ದುವ ಕೆಲಸ ನನ್ನ ಮೇಲೆ ಬೀಳುತ್ತಿತ್ತು. ನೆರಿಯದಿಂದ ಬಂದ ಒಂದು ಕುಟುಂಬ ಅಣ್ಣನ ಪತ್ರದ ತಪ್ಪಿನಿಂದ ನೋಂದಣಿಯಾಗದೆ ವಾಪಸು ಹೋದ ದಿನ ನಾನೇ ಯಜಮಾನರ ಬಳಿ ಹೋದೆ.

"ಸರ್, ಅವರಿಗೆ ಈಗ ಕೆಲಸದ ಮೇಲೆ ಗಮನವೇ ಇಲ್ಲ."

ಆ ತಿಂಗಳ ಕೊನೆಗೆ ಅಣ್ಣ ಕೊಡೆ ಮತ್ತು ಬುತ್ತಿಯ ಚೀಲ ಎತ್ತಿಕೊಂಡು, "ಬರ್ತೇನೆ ಆಯ್ತಾ" ಎಂದು ಹೊರಟುಹೋದರು. ಯಜಮಾನರು ಅವರಿಗೆ ಏನು ಹೇಳಿದರೆಂದು ನಾನು ವಿಚಾರಿಸಲಿಲ್ಲ.

ಎರಡು ತಿಂಗಳ ನಂತರ ನನ್ನ ಕಂಪ್ಯೂಟರ್ ಕೆಟ್ಟಿತು. ನಾನು ಅಣ್ಣನ ಜಾಗಕ್ಕೆ ಬಂದೆ. ವಿಡಿಯೊ ಕರೆಗೆ ಸೌಂಡ್ ಬೇಕು, ಸರಿಮಾಡು ಎಂದರು ಯಜಮಾನರು. ಅವರು ಊಟಕ್ಕೆ ಹೋದಾಗ ಕೂತೆ. ಸದ್ದು ಹೊರಡಿಸುವ ಸಾಫ್ಟ್‌ವೇರು, ಆಡಿಯೊ ಡ್ರೈವರಿನ ಹೆಸರಿನ ಮೇಲೆ ಕೆಟ್ಟಿದೆಯೆನ್ನುವ ಹಳದಿ ಗುರುತು ಇತ್ತು. ತೆಗೆದುಹಾಕಿ, ಬಂದ್ ಮಾಡಿ ಮತ್ತೆ ಶುರು ಮಾಡಿದರೆ ಅದೇ ಕೆಟ್ಟ ಡ್ರೈವರ್ ಅಲ್ಲೇ ಬಂದು ಕೂತಿತ್ತು. ಈ ಸಲ ಅದರ ಫೈಲುಗಳನ್ನೂ ಅಳಿಸಿದೆ. ಆದರೂ ಬಂತು. ಕಂಪ್ಯೂಟರ್ ಅದನ್ನು ತಾನಾಗಿಯೇ ಇಂಟರ್‌ನೆಟ್ಟಿನಿಂದ ತರಿಸಿಕೊಳ್ಳುತ್ತಿದೆ ಎಂದು ಆಮೇಲೆ ಹೊಳೆಯಿತು. ಬೇಕಾದ ಹಳೆಯ ಡ್ರೈವರನ್ನು ಪೆನ್‌ಡ್ರೈವಿಗೆ ಹಾಕಿಟ್ಟುಕೊಂಡು, ನೆಟ್ಟಿನ ವಯರು ಕಿತ್ತು, ಮೊದಲಿನಿಂದ ಎಲ್ಲ ತೆಗೆದು ಮತ್ತೆ ಹಾಕಿದೆ.

ಪರದೆ ಬೆಳಗಿತು. ಖಾಲಿ ಕಚೇರಿಯಲ್ಲಿ ಯಾರೋ ಮಾತನಾಡಿದರು.

ಉಸಿರೇ ಇಲ್ಲದ, ಏರಿಳಿತವಿಲ್ಲದ ಯಂತ್ರದ ಕನ್ನಡ. ನಾನು ಮೌಸ್ ಸರಿಸಿದಲ್ಲೆಲ್ಲ ಅದು ಅಲ್ಲಿರುವ ಹೆಸರನ್ನು ಓದಿತು. ಅಣ್ಣ ಅರ್ಧಕ್ಕೆ ಬಿಟ್ಟುಹೋದ ಒಂದು ಪತ್ರ ಪರದೆಯ ಮೇಲಿತ್ತು. ಯಾಕೆಂದು ತಿಳಿಯದು, ಅದನ್ನು ತೆರೆದೆ.

"ಪೂರ್ವಕ್ಕೆ ಸರಕಾರಿ ತೋಡು. ಪಶ್ಚಿಮಕ್ಕೆ ಸರಕಾರಿ ತೋಡು."

ಒಂದೇ ಹಳ್ಳ ಜಾಗದ ಎರಡೂ ಬದಿಗೆ. ಕಣ್ಣಿಗೆ ಜಾರಿಹೋಗಬಹುದಾದ ತಪ್ಪು ಕಿವಿಗೆ ಥಟ್ಟನೆ ತಾಗಿತು. ಅಣ್ಣ ಕಣ್ಣು ಮುಚ್ಚಿ ಕೇಳುತ್ತಿದ್ದದ್ದು ಇದನ್ನೇ, ಪರದೆಯ ಮೇಲಿನದನ್ನು ಓದಿ ಹೇಳುವ ಈ ಸಾಫ್ಟ್‌ವೇರನ್ನು, ತಮ್ಮ ಪತ್ರದ ತಪ್ಪು ಹಿಡಿಯಲು. ಇದು ಅಷ್ಟು ದಿನ ಬಾಯಿಲ್ಲದೆ ಈ ಪೆಟ್ಟಿಗೆಯೊಳಗೆ ಓದುತ್ತಲೇ ಇತ್ತೇನೋ. ಇಡೀ ಪತ್ರ ಓದಿ ಮುಗಿಯುವವರೆಗೆ ಕೂತಿದ್ದೆ.

ಮುಂದಿನ ಆದಿತ್ಯವಾರ ಎರಡು ಬಸ್ಸು ಹಿಡಿದು ಶಿರ್ತಾಡಿಗೆ ಹೋದೆ. ಅಣ್ಣ ಅಲ್ಲಿ ತಂಗಿಯ ಮನೆಯಲ್ಲಿದ್ದರು. ಅಂಗಳದಲ್ಲಿ ನಿಂತು "ಅಣ್ಣ" ಎಂದಾಗ ಅವರ ಮುಖ ನನ್ನ ಕಡೆಗಲ್ಲ, ಸ್ವಲ್ಪ ಆಚೆಗೆ ತಿರುಗಿತು.

"ಓ, ನೀನಾ. ಬಾ, ಕೂತ್ಕೊ."

"ಸೌಂಡ್ ಸರಿಯಾಯ್ತು ಅಣ್ಣ" ಎಂದೆ. ಬೇರೇನೂ ತೋಚಲಿಲ್ಲ.

ಅವರು ತಲೆಯಾಡಿಸಿದರು. "ಹಾಗಾದ್ರೆ ಗೊತ್ತಾಯ್ತು ನಿನಗೆ."

"ಹಾಡಲ್ಲ ಅಂತ ಯಾಕೆ ಹೇಳ್ಲಿಲ್ಲ?"

"ಕಣ್ಣು ಹೋಗ್ತಾ ಉಂಟು ಅಂದ್ರೆ ಯಾರು ಪತ್ರ ಬರೆಸ್ತಾರೆ?"

ತಪ್ಪಾಯ್ತು ಎಂದೆ. ಆಗಲಿ ಬಿಡು ಎನ್ನಬಹುದೆಂದು ಕಾದೆ. ಅವರು ಹಾಗನ್ನಲಿಲ್ಲ. "ಕಾಗದ ಈಗಲೂ ಸ್ವಲ್ಪ ಕಾಣ್ತದೆ, ಭೂತಗನ್ನಡಿ ಇಟ್ರೆ" ಎಂದರು. ತಂಗಿ ಚಾ ತಂದಿಟ್ಟರು. ಲೋಟ ಎಲ್ಲಿದೆಯೆಂದು ಅವರ ಕೈ ಮೇಜಿನ ಮೇಲೆ ಮೆಲ್ಲಗೆ ಹುಡುಕುತ್ತಿತ್ತು.

ಸೋಮವಾರ ಯಜಮಾನರಿಗೆ ಎಲ್ಲ ಹೇಳಿದೆ, ಅಣ್ಣನನ್ನು ವಾಪಸು ಕರೆಯುವ ಎಂದೆ. ಅವರು ಕನ್ನಡಕ ತೆಗೆದು ಒರೆಸುತ್ತ "ನೋಡುವ" ಎಂದರು. ಅಷ್ಟರಲ್ಲಿ ಹೊರಗೆ ಜನ ಬಂದರು. ಆಮೇಲೆ ಅವರು ಆ ಮಾತು ಎತ್ತಲಿಲ್ಲ. ನಾನೂ ಎರಡನೇ ಸಲ ಕೇಳಲಿಲ್ಲ.