ಹಸಿರು ಚಿಗುರಿಗೆ ಕಟ್ಟಿದ ಹಳದಿ ಟ್ಯಾಗ್

ಗಿಡ ಕೊಟ್ಟವರು ನನ್ನ ಮೇಲಧಿಕಾರಿ. ಇಲ್ಲಿ ಕತಾರ್‌ನಲ್ಲಿ, ಮೆಸಯೀದ್‌ನ ಪ್ಲಾಂಟಿನಲ್ಲಿ ಆರು ವರ್ಷ ನನ್ನ ತಲೆ ತಿಂದ ಯುರೋಪಿನ ಮನುಷ್ಯ. ಕೆಲಸ ಮುಗಿಸಿ ತನ್ನ ದೇಶಕ್ಕೆ ಹೊರಟಾಗ ಸೋಫಾ ಒಬ್ಬರಿಗೆ, ಟಿವಿ ಇನ್ನೊಬ್ಬರಿಗೆ ಕೊಟ್ಟು, ನನ್ನ ಪಾಲಿಗೆ ಈ ಕುಂಡ ಉಳಿಸಿದ್ದರು. ಹಾರ್ಸ್ ಚೆಸ್ಟ್‌ನಟ್ ಎಂದರು. ಅವರ ಊರಿನಲ್ಲಿ ರಸ್ತೆಯುದ್ದಕ್ಕೂ ಬೆಳೆಯುವ ಮರವಂತೆ. ಇದು ಅದರಲ್ಲೇ ಅಲಂಕಾರದ ಜಾತಿ, ಎಲೆಯ ಹಸಿರಿನ ನಡುವೆ ಕೆನೆಬಣ್ಣದ ತೇಪೆಗಳು ಬರುವಂಥದ್ದು. ಎದೆಯೆತ್ತರದ ಕಾಂಡ, ತುದಿಯಲ್ಲಿ ನಾಲ್ಕೈದು ಅಂಟಂಟು ಮೊಗ್ಗು, ಅಷ್ಟೇ. ಜೊತೆಗೆ ಒಂದು ಹಾಳೆ, ಒಂದರಿಂದ ಎಂಟರವರೆಗೆ ನಂಬರು ಹಾಕಿದ ಸೂಚನೆಗಳು. ನನಗೆ ಗಿಡಕ್ಕಿಂತ ಹಾಳೆಯೇ ಇಷ್ಟವಾಯಿತು. ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ ನಾನು. ನಂಬರು ಹಾಕಿದ ಸೂಚನೆ ಕೈಯಲ್ಲಿದ್ದರೆ ಬಾಂಬನ್ನೂ ಬಿಚ್ಚಿಯೇನು.

ನಿಜ ಹೇಳಬೇಕೆಂದರೆ ಅದನ್ನು ಮನೆಗೆ ತಂದದ್ದು ಹೆಂಡತಿಗಾಗಿ. ಮದುವೆಯಾಗಿ ಹತ್ತೊಂಬತ್ತು ವರ್ಷ ನಾನು ಇಲ್ಲಿ ಬ್ಯಾಚುಲರ್ ಕ್ಯಾಂಪಿನಲ್ಲಿ, ಅವಳು ಕಾಪುವಿನಲ್ಲಿ ತನ್ನ ಟೈಲರಿಂಗ್ ಅಂಗಡಿಯಲ್ಲಿ. ವರ್ಷಕ್ಕೊಂದು ತಿಂಗಳ ರಜೆಯ ಸಂಸಾರ. ಮಕ್ಕಳಾಗಲಿಲ್ಲ. ಕೊನೆಗೂ ನನಗೆ ಫ್ಯಾಮಿಲಿ ಸ್ಟೇಟಸ್ ಸಿಕ್ಕಿ, ಕಂಪನಿಯ ಕ್ವಾರ್ಟರ್ಸ್ ಕೊಟ್ಟಾಗ ಅವಳು ಅಂಗಡಿ ಮುಚ್ಚಿ ಬಂದಳು. ಬಂದ ದಿನ, ಏರ್‌ಪೋರ್ಟಿನಿಂದ ಬರುವಾಗ ಕಾರಿನಲ್ಲೇ ಹೇಳಿದ್ದಳು:

"ಎರಡು ಬೇಸಿಗೆ ನೋಡ್ತೇನೆ. ನಂಗೆ ಇಲ್ಲಿ ಆಗದಿದ್ರೆ ಹಿಡಿದು ಇಟ್ಕೊಳ್ಳಬಾರದು, ಆಯ್ತಾ?"

ಆಯ್ತು ಎಂದೆ. ಅವಳು ಉಳಿಯಬೇಕೆಂಬ ಆಸೆ ನನಗೆ ಎಷ್ಟಿತ್ತೆಂದರೆ ಅದನ್ನು ಬಾಯಿಬಿಟ್ಟು ಹೇಳಲೂ ಹೆದರಿಕೆಯಾಗುತ್ತಿತ್ತು. ಹಾಗಾಗಿ ಹೇಳಲಿಲ್ಲ. ಬದಲಿಗೆ ವಾಷಿಂಗ್ ಮೆಷಿನ್ ತಂದೆ, ಪರದೆ ತಂದೆ, ಮಾರ್ಚ್‌ನಲ್ಲಿ ಈ ಗಿಡ ತಂದೆ.

ಏಪ್ರಿಲ್‌ನಲ್ಲಿ ಮೊಗ್ಗು ಒಡೆಯಿತು. ಅಂಗೈ ಬಿಡಿಸಿದ ಹಾಗೆ ಎಲೆ ಬಿಡಿಸಿಕೊಂಡಿತು. "ನಮ್ಮ ಬೂರುಗದ ಎಲೆಗೆ ಯಾರೋ ಡಿಸ್ಟೆಂಪರ್ ಎರಚಿದ ಹಾಗೆ ಉಂಟಲ್ಲ!" ಎಂದು ಅವಳು ನಕ್ಕಳು. ಬಂದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು. ಬ್ಲೌಸ್ ಹೊಲಿದು ಉಳಿದ ಬಟ್ಟೆಯ ಚೂರನ್ನು ಒದ್ದೆ ಮಾಡಿ, ದಿನಾ ಬೆಳಿಗ್ಗೆ ಒಂದೊಂದೇ ಎಲೆಯ ಧೂಳು ಒರೆಸುತ್ತಿದ್ದಳು. ಎಸಿಯಿಂದ ತೊಟ್ಟಿಕ್ಕುವ ನೀರಿಗೆ ಬಕೆಟ್ ಇಟ್ಟು ಅದನ್ನೇ ಉಣಿಸುತ್ತಿದ್ದಳು. ಇಲ್ಲಿನ ನಲ್ಲಿ ನೀರಿನ ಮೇಲೆ ಅವಳಿಗೆ ನಂಬಿಕೆಯಿರಲಿಲ್ಲ.

ಮೇ ತಿಂಗಳಿಗೆ ಕೆನೆಬಣ್ಣದ ತೇಪೆಗಳು ಕಂದಾದವು. ಕಿಟಕಿಯಿಂದ ಒಳಗೆ ತಂದೆವು, ಗೋಡೆಯ ಮೂಲೆಗೆ ಸರಿಸಿದೆವು, ಕೊನೆಗೆ ಎಸಿ ಇರುವ ಮಲಗುವ ಕೋಣೆಗೇ ಸೇರಿಸಿದೆವು. ಬಿಸಿಲು ನೇರ ಬೀಳದಿದ್ದರೂ ಅದು ಸುಡುತ್ತಿತ್ತು. ಬಿಳಿ ಭಾಗ ಮೊದಲು, ಆಮೇಲೆ ಅಂಚು, ಆಮೇಲೆ ಇಡೀ ಎಲೆ. ಜುಲೈಯಲ್ಲಿ ಒಂದೂ ಉಳಿಯಲಿಲ್ಲ. ಅವಳೂ ಆ ಬೇಸಿಗೆ ಹೊರಗೆ ಹೋಗಲಿಲ್ಲ. ನಾನು ಶಿಫ್ಟ್ ಮುಗಿಸಿ ಕಂಪನಿ ಬಸ್ಸಿನಿಂದ ಇಳಿದು ಬಂದರೆ, ಆ ಕೋಣೆಯಲ್ಲಿ ಅವಳೊಂದು ಕಡೆ, ಆ ಕೋಲೊಂದು ಕಡೆ. ಏನು ಮಾಡಿದೆ ಇವತ್ತು ಎಂದು ಕೇಳುವುದನ್ನೂ ಬಿಟ್ಟೆ. ಉತ್ತರ ಇಬ್ಬರಿಗೂ ಗೊತ್ತಿತ್ತು.

ಅಕ್ಟೋಬರ್‌ನಲ್ಲಿ, ನಾವಿಬ್ಬರೂ ಆಸೆ ಬಿಟ್ಟ ಮೇಲೆ, ಕಾಂಡದ ಬುಡದಿಂದ ಒಂದು ಚಿಗುರು ಎದ್ದಿತು. ದಪ್ಪ ಚಿಗುರು, ಅಚ್ಚ ಹಸಿರು. ಬಿಳಿಯ ಸುಳಿವೇ ಇಲ್ಲ. ವಾರದೊಳಗೆ ಗೇಣುದ್ದ ಬೆಳೆದು ಎರಡು ಅಂಗೈ ಬಿಡಿಸಿತು. ಸ್ನಾನದ ಮನೆಯಲ್ಲಿದ್ದ ನನ್ನನ್ನು ಅವಳು ಕೂಗಿ ಕರೆದಳು. ನಾನು ತಲೆಗೆ ಸೋಪು ಹಚ್ಚಿಕೊಂಡೇ ಬಂದು ನೋಡಿ, ಹೇಳಿದ್ದೇನು?

"ಇದು ಆಗುದಿಲ್ಲ. ಆರನೇ ನಂಬರು ನೋಡು. ಪೂರ್ತಿ ಹಸಿರು ಚಿಗುರು ಬಂದ್ರೆ ತಕ್ಷಣ ಕಟ್ ಮಾಡ್ಬೇಕಂತ ಉಂಟು. ಇಲ್ಲದಿದ್ರೆ ಬಣ್ಣದ ಎಲೆ ಬರುದಿಲ್ಲ."

"ಬಣ್ಣ ಯಾರಿಗೆ ಬೇಕು ಮಾರಾಯ್ರೆ? ಬದುಕಿದ್ದು ಇದೊಂದೇ ಅಲ್ವಾ?"

ನಾನು ಪ್ರೊಸೀಜರ್ ಎಂದರೆ ಏನೆಂದು ವಿವರಿಸತೊಡಗಿದೆ. ಅವಳು ಎದ್ದು ಹೋಗಿ ನನ್ನ ಕೆಲಸದ ಬ್ಯಾಗಿನಿಂದ ಒಂದು ಹಳದಿ ಟ್ಯಾಗ್ ತಂದಳು. ಪ್ಲಾಂಟಿನಲ್ಲಿ ಯಾವುದಾದರೂ ವಾಲ್ವನ್ನು ಮುಟ್ಟಬಾರದೆಂದರೆ ಅದಕ್ಕೆ ಇಂಥ ಟ್ಯಾಗ್ ಕಟ್ಟುತ್ತೇವೆ. ಕಟ್ಟಿದವನ ಸಹಿ ಅದರ ಮೇಲಿರುತ್ತದೆ, ಬಿಚ್ಚಬೇಕಾದವನೂ ಅವನೇ. ಅವನು ರಜೆಯಲ್ಲಿದ್ದರೆ ಫೋನ್ ಮಾಡಿ ಕರೆಸಬೇಕು. ಬೇರೆಯವರು ಬಿಚ್ಚಿದರೆ ಕೆಲಸ ಹೋಯಿತೆಂದೇ ಲೆಕ್ಕ. ಈ ಪುರಾಣವನ್ನು ನಾನು ಅವಳಿಗೆ ನೂರು ಸಲ ಹೇಳಿದ್ದೆ. ಅವಳು ಟ್ಯಾಗಿನ ಮೇಲೆ ಕನ್ನಡದಲ್ಲಿ ಸಹಿ ಹಾಕಿ, ಹೊಲಿಗೆ ನೂಲಿನಿಂದ ಹಸಿರು ಚಿಗುರಿಗೆ ಕಟ್ಟಿದಳು.

"ಈಗ ಮುಟ್ಟಿ ನೋಡುವ," ಎಂದಳು.

ನಾನೂ ನಕ್ಕೆ. ಆ ತಿಂಗಳು ಮನೆಯಲ್ಲಿ ಹೊಲಿಗೆ ಮೆಷಿನಿನ ಸದ್ದು ಕೇಳಿಬಂತು. ಬಿನ್ ಒಮ್ರಾನ್ ಬಡಾವಣೆಯಲ್ಲಿ ನಮ್ಮ ಕಡೆಯ ಹೆಂಗಸೊಬ್ಬರು ಪರಿಚಯವಾಗಿ, ಶುಕ್ರವಾರ ಬೆಳಿಗ್ಗೆ ಅವರ ಮನೆಗೆ ಬ್ಲೌಸ್ ಅಳತೆ ತೆಗೆಯಲು ಹೋಗತೊಡಗಿದಳು. ಮುಂದಿನ ಬೇಸಿಗೆಗೆ ಮೂಲೆಯ ಕಿಟಕಿಗೆ ದಪ್ಪ ಪರದೆ ಹೊಲಿಯಬೇಕೆಂದಳು. ಮುಂದಿನ ಬೇಸಿಗೆ ಎಂಬ ಮಾತು ಅವಳ ಬಾಯಿಂದ ಬಂತಲ್ಲ ಎಂದು ನಾನು ಅಡುಗೆಮನೆಯಲ್ಲಿ ಒಬ್ಬನೇ ನಿಂತು ಸಂತೋಷಪಟ್ಟೆ.

ಸಂತೋಷಪಟ್ಟು ಸುಮ್ಮನಿರಬಹುದಿತ್ತು. ಆದರೆ ನನ್ನ ತಲೆಯೊಳಗೆ ಆರನೇ ನಂಬರು ಕೊರೆಯುತ್ತಲೇ ಇತ್ತು. ಎಲೆ ಉದುರಿದ ಮೇಲೆ ತುದಿಯಲ್ಲಿ ಕಟ್ಟಿದ್ದ ಹೊಸ ಮೊಗ್ಗುಗಳು ಇನ್ನೂ ಅಂಟಂಟಾಗಿದ್ದವು. ಬುಡದ ಚಿಗುರು ರಸವನ್ನೆಲ್ಲ ಕುಡಿಯುತ್ತಿದೆ, ಅದಕ್ಕೇ ಮೇಲೆ ಏನೂ ಬರುತ್ತಿಲ್ಲ ಎಂದು ಲೆಕ್ಕ ಹಾಕಿದೆ. ಅದನ್ನು ಕತ್ತರಿಸಿದರೆ ಬಣ್ಣದ ಎಲೆ ಮತ್ತೆ ಬಂದೀತು, ಅವಳು ಏಪ್ರಿಲ್‌ನಲ್ಲಿ ನಕ್ಕ ಹಾಗೆ ಮತ್ತೆ ನಕ್ಕಾಳು. ಮನೆಯಲ್ಲಿ ಕಟ್ಟಿದ ಟ್ಯಾಗು ಒಂದು ಟ್ಯಾಗೇ? ಒಂದು ಶುಕ್ರವಾರ ಅವಳು ಬಿನ್ ಒಮ್ರಾನ್‌ಗೆ ಹೋದಾಗ, ನೂಲು ಬಿಚ್ಚಿ ಟ್ಯಾಗನ್ನು ಮೇಜಿನ ಮೇಲಿಟ್ಟು, ಅವಳದೇ ಕತ್ತರಿಯಿಂದ ಚಿಗುರನ್ನು ಬುಡದಲ್ಲೇ ಕತ್ತರಿಸಿದೆ. ಒಳ್ಳೆಯ ಕೆಲಸಗಾರನಂತೆ ಗಾಯಕ್ಕೆ ಮೇಣವನ್ನೂ ಹಚ್ಚಿದೆ. ಅದು ಏಳನೇ ನಂಬರು.

ಬಂದವಳು ಮೊದಲು ಮೇಜು ನೋಡಿದಳು, ಆಮೇಲೆ ಕುಂಡ.

"ಯಾರ ಟ್ಯಾಗ್ ಅದು?"

"ಅಲ್ಲ, ಪ್ರೊಸೀಜರ್ ಪ್ರಕಾರ..."

"ಯಾರ ಟ್ಯಾಗ್ ಅಂತ ಕೇಳಿದೆ."

"ನಿನ್ನದು."

"ಪ್ಲಾಂಟಲ್ಲಿ ಯಾರದ್ದಾದ್ರೂ ಬಿಚ್ತಿದ್ರಾ?"

ಇಲ್ಲ ಎಂದೆ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಇಲ್ಲ. ನನ್ನ ಕೈಕೆಳಗಿನ ಹೆಲ್ಪರ್ ಕಟ್ಟಿದ್ದನ್ನೂ ನಾನು ಮುಟ್ಟಿದವನಲ್ಲ. ಅವಳು ಜಗಳವಾಡಲಿಲ್ಲ. ಟ್ಯಾಗನ್ನು ತೆಗೆದುಕೊಂಡು ಆ ಬರಿಯ ಕಾಂಡಕ್ಕೆ ಕಟ್ಟಿದಳು, ಗಂಟಿನ ಮೇಲೆ ಗಂಟು ಹಾಕಿದಳು. ಮರುದಿನದಿಂದ ಮೆಷಿನಿನ ಸದ್ದು ಕಡಿಮೆಯಾಯಿತು.

ಏಪ್ರಿಲ್ ಬಂತು. ಮೇಲಿನ ಮೊಗ್ಗುಗಳನ್ನು ಒತ್ತಿ ನೋಡಿದೆ, ಬೆರಳಲ್ಲಿ ಪುಡಿಯಾದವು. ನಾಚಿಕೆ ಬಿಟ್ಟು ಹಳೆಯ ಮೇಲಧಿಕಾರಿಗೆ ಇಮೇಲ್ ಬರೆದೆ. ಒಂದೇ ಗಂಟೆಯಲ್ಲಿ ಉತ್ತರ ಬಂತು. ಆ ಹಾಳೆ ತಮ್ಮ ಊರಿನ ನರ್ಸರಿಯವರು ಕೊಟ್ಟಿದ್ದಂತೆ, ತಾವು ಓದಿ ನೋಡಿಯೂ ಇರಲಿಲ್ಲವಂತೆ. ಅಲ್ಲಿನ ಚಳಿಗೆ, ಅಲ್ಲಿನ ನೆಲಕ್ಕೆ ಬರೆದದ್ದು. ಕತಾರ್‌ನಲ್ಲಿ ಹಸಿರು ಚಿಗುರು ಬಂದಿತ್ತೆಂದರೆ ಬೇರು ಗಟ್ಟಿಯಾಗಿತ್ತು, ಅದನ್ನೇ ಬೆಳೆಯಲು ಬಿಡಬೇಕಿತ್ತು ಎಂದು ಬರೆದಿದ್ದರು. ಕೊನೆಗೆ ಒಂದು ನಗುವ ಮುಖ. ಅದನ್ನು ನಾನು ಅವಳಿಗೆ ತೋರಿಸಲಿಲ್ಲ. ಇವತ್ತಿಗೂ ತೋರಿಸಿಲ್ಲ.

ಎರಡನೇ ಬೇಸಿಗೆ ಶುರುವಾಗುವ ಮೊದಲೇ ಅವಳು ಹೊರಟಳು. ಹಿಡಿದು ಇಟ್ಟುಕೊಳ್ಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಆ ಒಂದು ಸೂಚನೆಯನ್ನೂ ತಪ್ಪದೆ ಪಾಲಿಸಿದೆ.

ಈಗ ಕಾಪುವಿನ ಅಂಗಡಿ ಮತ್ತೆ ತೆರೆದಿದೆ. ದಿನಾ ಸಂಜೆ ಫೋನ್ ಮಾಡುತ್ತೇವೆ, ಊಟ ಆಯ್ತಾ ಎಂದು ಕೇಳಿಕೊಳ್ಳುತ್ತೇವೆ. ಕ್ವಾರ್ಟರ್ಸ್ ಬಿಟ್ಟುಕೊಟ್ಟು ಮತ್ತೆ ಬ್ಯಾಚುಲರ್ ಕೋಣೆಗೆ ಬಂದಾಗ ಕುಂಡವನ್ನೂ ತಂದೆ. ಎಸಿಯ ಬಕೆಟ್ ತುಂಬಿದಾಗ ಅದಕ್ಕೇ ಸುರಿಯುತ್ತೇನೆ. ಪಕ್ಕದ ಮಂಚದ ಮಲಯಾಳಿ ಕೇಳುತ್ತಾನೆ, ಭಾಯ್, ಅದು ಖಲಾಸ್ ಅಲ್ವಾ, ಬಿಸಾಡಬಾರದಾ ಎಂದು. ಟ್ಯಾಗ್ ತೋರಿಸುತ್ತೇನೆ. ಅವನೂ ಪ್ಲಾಂಟಿನವನೇ, ತಲೆಯಾಡಿಸಿ ತನ್ನ ಮಂಚಕ್ಕೆ ಹೋಗುತ್ತಾನೆ.

ಮೊನ್ನೆ ಫೋನಿನಲ್ಲಿ ಧೈರ್ಯ ಮಾಡಿ ಹೇಳಿದೆ: "ನಿನ್ನ ಟ್ಯಾಗ್ ಇನ್ನೂ ಇಲ್ಲೇ ಉಂಟು. ನೀನೇ ಬಂದು ಬಿಚ್ಚಬೇಕು."

ಅವಳ ಕಡೆ ಮೆಷಿನು ಸ್ವಲ್ಪ ಹೊತ್ತು ನಿಂತಿತು.

"ನೋಡುವ," ಎಂದಳು. ಮೆಷಿನು ಮತ್ತೆ ಶುರುವಾಯಿತು.