ಮಣಿಕಟ್ಟಿನ ಮೇಲಿನ ಪಾಕ

ಅವರ ಎಡಗೈ ಮಣಿಕಟ್ಟಿನಲ್ಲಿ, ಕಿರುಬೆರಳಿನ ಕಡೆಗೆ, ಎಂಟಾಣೆ ನಾಣ್ಯದಷ್ಟು ಜಾಗ ಸದಾ ಮಿರಮಿರ ಮಿಂಚುತ್ತಿತ್ತು. ಒಂದು ಕೂದಲಿಲ್ಲ, ಒಂದು ಗೆರೆಯಿಲ್ಲ. ಸಕ್ಕರೆಗೆ ನಿಂಬೆರಸ ಹಿಂಡಿ ಕಾಯಿಸಿದ ಪಾಕವನ್ನು ಕೂದಲು ಕೀಳಲು ಗಿರಾಕಿಯ ಮೈಗೆ ಹಚ್ಚುವ ಮೊದಲು ಒಂದು ಹನಿಯನ್ನು ಅವರು ಅಲ್ಲಿ ಸವರಿಕೊಳ್ಳುತ್ತಿದ್ದರು. ಕಣ್ಣು ಅರೆಮುಚ್ಚಿ, ಮೂರೆಣಿಸುವಷ್ಟು ಹೊತ್ತು ಸುಮ್ಮನಿದ್ದು, "ಬರೋಬ್ಬರಿ ಐತಿ" ಎಂದ ಮೇಲೆಯೇ ಚಾಕು ಗಿರಾಕಿಯ ತೋಳಿನ ಮೇಲೆ ಓಡುತ್ತಿತ್ತು. ವರ್ಷಗಟ್ಟಲೆ ಹೀಗೆ ಹಚ್ಚಿ ಕಿತ್ತು, ಹಚ್ಚಿ ಕಿತ್ತು ಆ ಜಾಗ ಹಾಗಾಗಿದೆ ಎಂದು ನಾವೆಲ್ಲ ತಿಳಿದಿದ್ದೆವು. ನಾವಷ್ಟೇ ಅಲ್ಲ, ಅವರೂ ಹಾಗೇ ತಿಳಿದಿದ್ದರು.

ಬಳ್ಳಾರಿಯ ಹೆಂಗಸರು ಅವರನ್ನು ಪಾರ್ಲರ್ ಅಕ್ಕ ಎನ್ನುತ್ತಿದ್ದರು. ನನಗೆ ಬರೀ ಅಕ್ಕ. ಹುಟ್ಟಿದ್ದು ಕುರುಗೋಡಿನಲ್ಲಿ, ಅರವತ್ತರ ದಶಕದಲ್ಲಿ ಸೋದರತ್ತೆಯ ಜೊತೆ ಮದ್ರಾಸಿಗೆ ಹೋಗಿ, ಅಲ್ಲಿ ಯಾರೋ ದೊರೆಸಾನಿಯ ಅಂಗಡಿಯಲ್ಲಿ ಈ ಕೆಲಸ ಕಲಿತು ಬಂದವರು. ಸತ್ಯನಾರಾಯಣಪೇಟೆಯಲ್ಲಿ ಎರಡು ಕೋಣೆ ಹಿಡಿದಿದ್ದರು. ಹೊರಗೆ ಬೋರ್ಡಿರಲಿಲ್ಲ. ಮರ್ಯಾದಸ್ಥರ ಮನೆಯ ಹೆಂಗಸರು ಹಿತ್ತಲ ಬಾಗಿಲಿನಿಂದ ಬಂದು ಹಿತ್ತಲ ಬಾಗಿಲಿನಿಂದಲೇ ಹೋಗುತ್ತಿದ್ದ ಕಾಲ ಅದು.

ನಾನಾಗ ಗಂಡನ ಮನೆಯಿಂದ ಹೊರಬಿದ್ದು, ಸ್ನೋ, ಪೌಡರು, ಹೇರ್‌ಪಿನ್ನು, ಕೋಲ್ಡ್ ಕ್ರೀಮುಗಳನ್ನು ಚೀಲದಲ್ಲಿ ತುಂಬಿಕೊಂಡು ಮನೆಮನೆ ತಿರುಗುತ್ತಿದ್ದೆ. ಮೂವತ್ತರ ಹತ್ತಿರ ವಯಸ್ಸು. ಬಾಯಿ ಜೋರು. ನಾನು ಹೇಳಿದ ದರಕ್ಕಿಂತ ನಾಲ್ಕಾಣೆ ಇಳಿಸಿಕೊಂಡವರು ಆ ಪೇಟೆಯಲ್ಲಿ ಯಾರೂ ಇರಲಿಲ್ಲ. ಅಕ್ಕನ ಮೆಟ್ಟಿಲು ಹತ್ತಿದ ದಿನ ಅವರು ಕ್ರೀಮಿನ ಡಬ್ಬಿಯನ್ನು ಮುಟ್ಟಲೂ ಇಲ್ಲ.

"ಮೊದ್ಲು ಕಾಲು ತೋರ್ಸು" ಎಂದರು.

"ಕಾಲ್ಯಾಕ? ನಾ ಕ್ರೀಮು ಮಾರಾಕ ಬಂದೀನಿ."

"ಹಿಮ್ಮಡಿ ಒಡದು ಎರಿಹೊಲ ಆಗ್ಯಾವಲ್ಲ ತಾಯಿ! ಇಂಥಾ ಕಾಲಿಟ್ಕೊಂಡು ಮಾರಿಗೆ ಹಚ್ಚೋ ಕ್ರೀಮು ಮಾರಿದ್ರ ಯಾವಾಕಿ ತೊಗೊಂತಾಳ? ಕುಂದ್ರು."

ಬೇಸನ್ನಿಗೆ ಬಿಸಿನೀರು ಸುರಿದು, ಉಪ್ಪು ಸೀಗೆಪುಡಿ ಹಾಕಿ, ನನ್ನ ಕಾಲುಗಳನ್ನು ಅದರಲ್ಲಿಟ್ಟು ಅರ್ಧ ತಾಸು ನೆನೆಸಿದರು. ಆಮೇಲೆ ನೆಲದ ಮೇಲೆ ಕೂತು, ನನ್ನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಕಲ್ಲಿನಿಂದ ಉಜ್ಜಿದರು. ಹೆತ್ತ ತಾಯಿ ಬಿಟ್ಟರೆ ನನ್ನ ಕಾಲು ಮುಟ್ಟಿದವರು ಅವರೇ. ಎದ್ದಾಗ ಅವರು ಕೇಳಿದ ದರಕ್ಕೆ ಬಾಯಿಮುಚ್ಚಿಕೊಂಡು ಆರು ಡಬ್ಬಿ ಕೊಟ್ಟೆ. ವ್ಯಾಪಾರ ಮಾಡುವವರು ಇದನ್ನು ತಿಳಿದುಕೊಳ್ಳಬೇಕು: ಮೊದಲು ಏನಾದರೂ ಕೊಟ್ಟುಬಿಡಬೇಕು, ದರದ ಮಾತು ಆಮೇಲೆ. ಒಂದು ವರ್ಷದೊಳಗೆ ನಾನು ಚೀಲ ಬಿಟ್ಟು ಅವರ ಜೊತೆ ಪಾಲಿಗೆ ಸೇರಿದೆ. ಪಾಕ ಕೀಳುವ ಪಟ್ಟಿಗೆ ಪ್ಯಾಂಟ್ ಹೊಲಿಯುವ ದರ್ಜಿಗಳ ಬಳಿ ಉಳಿದ ದಪ್ಪ ಬಟ್ಟೆಯ ಚೂರುಗಳನ್ನು ತೂಕದ ಲೆಕ್ಕದಲ್ಲಿ ತರುವ ಉಪಾಯ ನನ್ನದು. ಕೈಕೆಲಸ ಪೂರ್ತಿ ಅವರದು.

ಅವರ ಬಾಯಿಯೂ ಕಡಿಮೆಯದಲ್ಲ. ಬಾಡಿಗೆ ಕೊಟ್ಟ ಮನೆ ಮಾಲೀಕರ ತಾಯಿ ದಿನಾ ಕಟ್ಟೆಯ ಮೇಲೆ ಕೂತು ಗೊಣಗುತ್ತಿದ್ದರು: "ಕೂದ್ಲು ಕೀಳಾಕ ರೊಕ್ಕ ಕೊಡ್ತಾರಂತ! ಕೋಳಿಗೆ ಕೀಳ್ತಾರಂತ ಕೇಳಿದ್ದೆ, ಹೆಣ್ಮಕ್ಕಳಿಗೆ ಕೀಳೋದು ಇಲ್ಲೇ ನೋಡಿದ್ದು."

ಅಕ್ಕ ಒಳಗಿನಿಂದಲೇ, "ಅಜ್ಜೀ, ನಿಮ್ಮ ಗದ್ದದಾಗೂ ಎರಡು ಅದಾವು, ಬರ್ರಿ, ಪುಗಸಟ್ಟಿ ತೆಗೀತೀನಿ" ಎನ್ನುತ್ತಿದ್ದರು. ಮುದುಕಿ ಒಂದು ಮಧ್ಯಾಹ್ನ ಯಾರೂ ಇಲ್ಲದ್ದು ನೋಡಿ ಬಂದೇಬಿಟ್ಟಳು.

ಒಮ್ಮೆ ಬಾದನಹಟ್ಟಿಯಿಂದ ರೈತರ ಹೆಣ್ಣುಮಗಳೊಬ್ಬಳು ಬಂದಿದ್ದಳು. ಪಾದದ ಆಣಿ ತೆಗೆಸಬೇಕಿತ್ತು. ಅವಳ ಮೀನಖಂಡದ ಮೇಲೆ ಚಿಬ್ಬಿನಂತೆ ಬಿಳಿಚಿದ ಒಂದು ಮಚ್ಚೆ. ಅಕ್ಕ ಕೆಲಸ ನಿಲ್ಲಿಸಿದರು. "ಕಣ್ಣು ಮುಚ್ಚವ್ವ. ನಾ ಮುಟ್ಟಿದಾಗ ಹೂಂ ಅನ್ನು" ಎಂದು ಹತ್ತಿಯ ಎಳೆ ತೆಗೆದು ಕಾಲಿನ ಅಲ್ಲಲ್ಲಿ ಸೋಕಿಸಿದರು. ಎಲ್ಲ ಕಡೆ ಹೂಂ ಎಂದವಳು ಮಚ್ಚೆಯ ಮೇಲೆ ಸೋಕಿಸಿದಾಗ ಸುಮ್ಮನಿದ್ದಳು. ಅಕ್ಕ ಆಣಿ ತೆಗೆದು, ಕಾಲು ತೊಳೆದು, ಒರೆಸಿ, ಆಮೇಲೆ ಅವಳ ಗಂಡನನ್ನು ಒಳಗೆ ಕರೆದು ದವಾಖಾನೆಗೆ ಕರೆದೊಯ್ಯಲು ಹೇಳಿದರು. "ಇವತ್ತೇ ಹೋಗು. ದೊಡ್ಡ ರೋಗ ಅಂತ ಅಂಜಬ್ಯಾಡ. ಬೇಗ ಹೋದ್ರ ಗುಳಿಗಿಗೆ ಹೋಗತೈತಿ."

ಅವರು ಹೋದ ಮೇಲೆ ನಾನು ಬೇಸನ್ನನ್ನು ಎರಡು ಸಲ ಕುದಿನೀರಿನಲ್ಲಿ ತೊಳೆದೆ. ಅಕ್ಕ ನೋಡಿ ನಕ್ಕರು. "ಕುಷ್ಠ ಹಂಗ ಕಾಲ್ತೊಳದ್ರ ಅಂಟೋದಲ್ಲಲೇ, ಮದ್ರಾಸಿನಾಗ ಡಾಕ್ಟ್ರೇ ಹೇಳಿದ್ರು."

ಎಲ್ಲ ಗೊತ್ತಿತ್ತು ಅವರಿಗೆ.

ಅದಾದ ಒಂದೆರಡು ವರ್ಷಕ್ಕೆ, ಶಿವರಾತ್ರಿ ಕಳೆದು ಬಿಸಿಲೇರಿದ ಒಂದು ಮಧ್ಯಾಹ್ನ, ಅಕ್ಕ ನಿಂಬೆಹಣ್ಣು ತರಲು ಹೋಗಿದ್ದರು. ಬಾಗಿಲ ಹತ್ತಿರ ಅವರ ಬಲಗಾಲಿನ ಚಪ್ಪಲಿ ಬಿದ್ದಿತ್ತು. ಉಂಗುಷ್ಠದ ಬಾರು ಕಿತ್ತಿರಲಿಲ್ಲ, ಏನಿಲ್ಲ; ಕಾಲಿನಿಂದ ಜಾರಿ ಉಳಿದಿತ್ತು, ಅಷ್ಟೆ. ನಾನು ಎತ್ತಿಕೊಂಡು ಓಡಿದೆ. ಬೀದಿಯ ತುದಿಯಲ್ಲಿ ಅವರು ಒಂದೇ ಚಪ್ಪಲಿಯಲ್ಲಿ, ಕರಗಿದ ಡಾಂಬರಿನ ಮೇಲೆ, ಅವಸರವಿಲ್ಲದೆ ನಡೆಯುತ್ತಿದ್ದರು.

"ಅಕ್ಕಾ, ಚಪ್ಪಲಿ!"

ತಿರುಗಿ ನನ್ನ ಕೈ ನೋಡಿದರು. ಆಮೇಲೆ ತಮ್ಮ ಕಾಲು ನೋಡಿಕೊಂಡರು. "ಏನೋ ಧ್ಯಾಸದಾಗ ಇದ್ದೆ" ಎಂದರು.

ಆ ವಾರವೇ ಅವರ ಮಣಿಕಟ್ಟಿನ ಮಿಂಚುವ ಜಾಗದಲ್ಲಿ ಗುಳ್ಳೆ ಕಂಡಿತು. ನೀರು ತುಂಬಿ ಊದಿತ್ತು.

"ಕೈ ಬೊಬ್ಬಿ ಎದ್ದೈತಲ್ಲಕ್ಕಾ. ಉರಿ ಆಗಲಿಲ್ಲೇನು?"

ಬೇರೆ ಯಾರದೋ ಕೈ ನೋಡುವಂತೆ ನೋಡಿದರು. "ನಮ್ಮದು ಬೆಂದ ಕೈ, ಬಿಡು" ಎಂದು ಸೆರಗು ಎಳೆದುಕೊಂಡರು. ಅಂದಿನಿಂದ ಗಿರಾಕಿಗಳ ತೋಳು ಕೆಂಪಾಗತೊಡಗಿತು. "ಇವತ್ತು ಭಾಳ ಸುಡ್ತಲ್ರೀ ಅಕ್ಕಾ" ಎಂದರೆ, "ಬಿಸಿಲಿಗೆ ಚರ್ಮ ಮೆತ್ತಗಾಗಿರತೈತಿ ಅಮ್ಮಾಯಿ" ಎನ್ನುತ್ತಿದ್ದರು. ನಾನು ಪಾಕದ ಪಾತ್ರೆಯನ್ನು ಸದ್ದಿಲ್ಲದೆ ಒಲೆಯಿಂದ ಬೇಗ ಇಳಿಸತೊಡಗಿದೆ. ನನಗೆ ಅನುಮಾನ ಬಂದಿತ್ತು. ಬಂದಿದ್ದನ್ನು ನನಗೆ ನಾನೇ ಹೇಳಿಕೊಂಡಿರಲಿಲ್ಲ.

ಚೈತ್ರದಲ್ಲಿ ಸಿರುಗುಪ್ಪದ ಅಕ್ಕಿ ಗಿರಣಿಯವರ ಮನೆಯಿಂದ ಕರೆ ಬಂತು. ಮಗಳ ಮದುವೆ. ಮಾರನೆಯ ದಿನ ಅರಿಶಿನ. ಅದರೊಳಗೆ ಹುಡುಗಿಯ ಕೈ, ಕಾಲು, ಮುಖ ಎಲ್ಲ ಆಗಬೇಕು. ಬೆಳಗಿನ ಬಸ್ಸಿಗೆ ಹೋದೆವು. ಹಿತ್ತಲ ಕೋಣೆಯಲ್ಲಿ ಮದುಮಗಳನ್ನು ಮಣೆಯ ಮೇಲೆ ಕೂರಿಸಿ, ಸುತ್ತ ಹತ್ತು ಹದಿನೈದು ಹೆಂಗಸರು ನೆರೆದಿದ್ದರು. ನಮ್ಮ ಸೀಮೆಎಣ್ಣೆ ಸ್ಟವ್ ಅಲ್ಲಿರಲಿಲ್ಲ. ಪಾಕ ಕಾದದ್ದು ಅಡುಗೆಯವರ ದೊಡ್ಡ ಕಟ್ಟಿಗೆ ಒಲೆಯ ಮೇಲೆ, ದಪ್ಪ ಹಿತ್ತಾಳೆ ಪಾತ್ರೆಯಲ್ಲಿ. ಅಂಥ ಪಾತ್ರೆ ಇಳಿಸಿ ಎಷ್ಟು ಹೊತ್ತಾದರೂ ಕಾವು ಬಿಡುವುದಿಲ್ಲ.

ಅಕ್ಕ ಚಾಕು ಅದ್ದಿದರು. ಎಲ್ಲರಿಗೂ ಕಾಣುವಂತೆ ಮಣಿಕಟ್ಟಿಗೆ ಸವರಿ, ಕಣ್ಣು ಅರೆಮುಚ್ಚಿದರು. ಚಾಕುವಿನ ಅಂಚಿನಲ್ಲಿ ಹಬೆ ಏಳುತ್ತಿತ್ತು. ನಾನು ನೋಡುತ್ತಿದ್ದೆ. ಒಂದು. ಎರಡು. ಮೂರು.

"ಬರೋಬ್ಬರಿ ಐತಿ."

ಹುಡುಗಿ ತೋಳು ಚಾಚಿದಳು. ನಾನು ನಡುವೆ ನನ್ನ ತೋಳು ಚಾಚಿದೆ. ಪಾಕ ನನ್ನ ಮೇಲೆ ಬಿತ್ತು. ಹಲ್ಲು ಕಚ್ಚಿದೆ, ಕಣ್ಣಲ್ಲಿ ನೀರು ತುಂಬಿತು.

"ಇದೇನಮ್ಮಾ, ಮದುವಿ ಹುಡುಗಿಕಿಂತ ಮೊದ್ಲು ಈಕೀಗೆ ಅವಸರ!" ಎಂದಳು ಒಬ್ಬ ಮುತ್ತೈದೆ. "ಈಕೀನ್ನೂ ಹಸಿಮಣಿ ಮ್ಯಾಲ ಕುಂದರಸ್ರೀ" ಎಂದಳು ಇನ್ನೊಬ್ಬಳು. ಕೋಣೆಯೆಲ್ಲ ನಗು. ಅಕ್ಕ ಮಾತ್ರ ನಗಲಿಲ್ಲ. ನನ್ನ ತೋಳಿನ ಮೇಲೆ ಚರ್ಮ ಏಳುವುದನ್ನು ನೋಡಿದರು. ಆಮೇಲೆ ಚಾಕುವನ್ನು ನನ್ನ ಕೈಗೆ ಕೊಟ್ಟು, "ಪಾಕ ನೀ ನೋಡು. ನಾ ಕಾಲು ತೊಳೀತೀನಿ" ಎಂದರು. ಹುಡುಗಿಯ ಮೈಮೇಲೆ ಒಂದು ಕಲೆ ಬೀಳಲಿಲ್ಲ. ಬಿದ್ದಿದ್ದರೆ ಅಂದೇ ನಮ್ಮ ಹೆಸರು ಹೊಳೆಪಾಲಾಗುತ್ತಿತ್ತು.

ಹಿಂತಿರುಗುವಾಗ ಬಸ್ಸು ತಡವಾಯಿತು. ಸಿರುಗುಪ್ಪದ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆವು. ಸುಡು ಬಿಸಿಲು. ಅಕ್ಕ ಎಡಗೈ ನನ್ನ ಮಡಿಲಿಗೆ ಚಾಚಿದರು.

"ಚೀಲದಾಗಿಂದ ಹತ್ತಿ ತೆಗಿ."

"ಬ್ಯಾಡಕ್ಕಾ."

"ತೆಗಿ ಅಂದ್ರ." ಕಣ್ಣು ಮುಚ್ಚಿದರು. "ಮುಟ್ಟು. ಮುಟ್ಟಿದಾಗ ಹೇಳ್ತೀನಿ."

ಮುಟ್ಟಿದೆ. ಅವರು ಕಾಯುತ್ತಿದ್ದರು. ಮತ್ತೊಮ್ಮೆ, ಸ್ವಲ್ಪ ಒತ್ತಿ. ಮತ್ತೊಮ್ಮೆ.

"ಯಾಕಲೇ ತಡಾ ಮಾಡ್ತಿ? ಮುಟ್ಟು."

ಅವರು ಕಣ್ಣು ತೆರೆದರು. ಹತ್ತಿ ಅವರ ಮಣಿಕಟ್ಟಿನ ಮೇಲೆಯೇ ಇತ್ತು.

"ನಾಳಿಗೇ ದವಾಖಾನಿಗೆ ಹೋಗೂಣು" ಎಂದೆ.

"ಮದುವಿ ಸೀಸನ್ ಮುಗೀಲಿ."

"ಆ ಬಾದನಹಟ್ಟಿಯಾಕೀಗೆ ಏನ್ ಹೇಳಿದ್ರಿ ನೀವು? ಇವತ್ತೇ ಹೋಗು ಅಂದಿದ್ರಿ."

"ಆಕೀ ಹೊಲದಾಗ ಕೆಲಸ ಮಾಡಾಕಿ. ನಾನು ಊರಾಗಿನ ಅಷ್ಟೂ ಹೆಣ್ಮಕ್ಕಳ ಮಾರಿ ಮುಟ್ಟಾಕಿ. ಅಂಟಂಗಿಲ್ಲ ಅಂತ ನಾ ಹೇಳಿದ್ರ ಯಾರು ನಂಬ್ತಾರ? ನಾಳಿ ಒಬ್ಬಾಕೀನೂ ಮೆಟ್ಟಿಲು ಹತ್ತಂಗಿಲ್ಲ. ಆಷಾಢ ಹತ್ತೂತನ ಬಿಡು. ಮೂರು ತಿಂಗಳು."

"ಹದಿನೈದು ದಿನ."

"ಮೂರು ತಿಂಗಳು."

"ಒಂದು ತಿಂಗಳು, ಅಕ್ಕಾ."

"ಮೂರು. ಪಾಕಕ್ಕ ನಾ ಕೈ ಹಚ್ಚಂಗಿಲ್ಲ. ಬರೀ ಹುಬ್ಬಿಗೆ ದಾರ ಎಳಿಯೋ ಕೆಲಸ."

ನಾನು ಒಪ್ಪಿದೆ. ಪೇಟೆಯ ದೊಡ್ಡ ದೊಡ್ಡ ವ್ಯಾಪಾರಸ್ಥರ ಎದುರು ನಾಲ್ಕಾಣೆ ಬಿಡದವಳು, ಅಲ್ಲಿ ಮೂರು ತಿಂಗಳು ಬಿಟ್ಟುಕೊಟ್ಟೆ.

ಆ ಮೂರು ತಿಂಗಳು ಹೇಗೆ ಹೋದವೆಂದು ಕೇಳಬೇಡಿ. ಹಿತ್ತಲ ಬಾಗಿಲು ಮುಚ್ಚಲು ಪುರುಸೊತ್ತಿಲ್ಲದಷ್ಟು ಮದುವೆ. ಅಕ್ಕ ಹುಬ್ಬಿಗೆ ದಾರ ಎಳೆಯುವಾಗ ನಾನು ಅವರ ಬೆರಳನ್ನೇ ನೋಡುತ್ತಿದ್ದೆ. ಎರಡನೆಯ ತಿಂಗಳಲ್ಲಿ ಕಿರುಬೆರಳು ಒಳಕ್ಕೆ ಬಾಗಿತು. ಆಮೇಲೆ ಅದರ ಪಕ್ಕದ್ದು. ಒಂದು ದಿನ ಕನ್ನಡಿಯಲ್ಲಿ ತನ್ನ ಹಣೆಯ ಮೇಲೆ ರಕ್ತ ಕಂಡು ಗಿರಾಕಿ ಹುಡುಗಿ ಚೀರಿದಳು. ಗಾಯ ಅವಳದಲ್ಲ. ದಾರ ಅಕ್ಕನ ಬೆರಳನ್ನು ಕೊಯ್ದು ಒಳಗಿಳಿದಿತ್ತು, ಅಕ್ಕ ಇನ್ನೂ ಎಳೆಯುತ್ತಲೇ ಇದ್ದರು.

ಆಷಾಢ ಹತ್ತಿದ ದಿನ ದೂರದ ಊರಿನ ದವಾಖಾನೆಗೆ ಕರೆದೊಯ್ದೆ. ಡಾಕ್ಟರು ಕೈಯನ್ನು ತಿರುವಿ ತಿರುವಿ ನೋಡಿ, ಗುಳಿಗೆಯಿಂದ ರೋಗ ವಾಸಿಯಾಗುತ್ತದೆ, ಇವರಿಂದ ಯಾರಿಗೂ ಅಂಟುವ ಭಯವಿಲ್ಲ ಎಂದರು. ಸತ್ತ ನರ ಮಾತ್ರ ಮರಳುವುದಿಲ್ಲವಂತೆ. "ಎರಡು ಮೂರು ತಿಂಗಳು ಮೊದಲು ಬಂದಿದ್ದರೆ ಬೆರಳು ಉಳಿಸಬಹುದಿತ್ತು" ಎಂದರು. ಅಕ್ಕ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಅವರು ಕೋಣೆಯ ಬೀಗದ ಕೈ ನನಗೆ ಕೊಟ್ಟು ಕುರುಗೋಡಿನ ತಂಗಿಯ ಮನೆ ಸೇರಿದರು. ಅಕ್ಕ ಮದ್ರಾಸಿಗೆ ಹೋಗಿ ಅಲ್ಲೇ ನಿಂತುಬಿಟ್ಟರು ಎಂದು ನಾನು ಬಳ್ಳಾರಿಯಲ್ಲಿ ಹೇಳಿದೆ. ಮಾತು ಗಟ್ಟಿಯಾಗಿ ನಿಂತಿತು. ಅದರಿಂದಾಗಿ ಅವರು ಗುಣವಾದ ಮೇಲೂ ಬಳ್ಳಾರಿಗೆ ಕಾಲಿಡುವಂತಿರಲಿಲ್ಲ. ನಾನು ಸತ್ಯನಾರಾಯಣಪೇಟೆ ಬಿಟ್ಟು ಪಾರ್ವತಿನಗರದಲ್ಲಿ ಬೋರ್ಡು ಹಾಕಿ ಅಂಗಡಿ ತೆರೆದೆ. ಒಂದು ವರ್ಷ ಪ್ರತಿ ಗಿರಾಕಿಯ ತೋಳನ್ನೂ ಮಚ್ಚೆಗಾಗಿ ಹುಡುಕಿದೆ. ಡಾಕ್ಟರು ಹೇಳಿದ್ದರೂ ಹುಡುಕಿದೆ. ಯಾರಲ್ಲೂ ಕಾಣಲಿಲ್ಲ.

ಓದುವವರಿಗೆ ಒಂದು ಮಾತು ಹೇಳಿಯೇಬಿಡುತ್ತೇನೆ. ಮುಟ್ಟಿದರೆ ಗೊತ್ತಾಗದ ಮಚ್ಚೆ ಮೈಮೇಲೆ ಕಂಡರೆ ಮದುವೆ ಮುಗಿಯಲಿ, ಸುಗ್ಗಿ ಮುಗಿಯಲಿ ಎನ್ನಬೇಡಿ. ಆ ದಿನವೇ ಹೋಗಿ. ನಿಮ್ಮ ಪ್ರೀತಿಯವರು ಚೌಕಾಸಿ ಮಾಡಿದರೆ ಕೈಹಿಡಿದು ಎಳೆದುಕೊಂಡು ಹೋಗಿ.

ಎಂಬತ್ತರ ದಶಕ ಮುಗಿಯುವ ಮೊದಲೇ ಅಕ್ಕ ಹೋದರು. ಆ ರೋಗದಿಂದಲ್ಲ, ಜ್ವರ ಎದೆಗೆ ಇಳಿಯಿತಂತೆ. ಅದಕ್ಕೆ ಎಂಟು ದಿನ ಮುಂಚೆ ಕುರುಗೋಡಿಗೆ ಹೋಗಿದ್ದೆ. ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದರು. ಅಂಗಡಿಯ ಸುದ್ದಿ, ಹೊಸ ಕ್ರೀಮು, ಹಳೆಯ ಗಿರಾಕಿಗಳ ಬೊಜ್ಜು, ಎಲ್ಲ ಕೇಳಿ ನಕ್ಕರು. ಆಮೇಲೆ ಸಹಜವಾಗಿ ಕೇಳಿದರು:

"ನೀ ಯಾರಿಗೂ ಒಂದು ಪೈಸಾ ಬಿಟ್ಟಾಕಿ ಅಲ್ಲ. ಅವತ್ತು ನನಗ ಮೂರು ತಿಂಗಳು ಯಾಕ ಬಿಟ್ಟಿ?"

ನಿಮ್ಮ ಮಾತು ಮೀರಲಾಗಲಿಲ್ಲ ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಸೀಸನ್ನು ನನಗೂ ಬೇಕಾಗಿತ್ತಕ್ಕಾ" ಎಂದೆ.

"ಹೂಂ" ಎಂದರು. "ಗೊತ್ತಿತ್ತು. ನೀ ಹೇಳ್ತಿಯೋ ಇಲ್ಲೋ ಅಂತ ನೋಡಿದೆ."

ಆಮೇಲೆ ಅವರು ಸೀರೆಯನ್ನು ಮೇಲೆಳೆದುಕೊಂಡು ಎರಡೂ ಪಾದಗಳನ್ನು ನನ್ನ ತೊಡೆಯ ಮೇಲಿಟ್ಟರು. ಮಡಚಿದ ಬೆರಳುಗಳಲ್ಲಿ ತಾವೇ ದಿನಾ ಉಜ್ಜಿ ಎಣ್ಣೆ ಹಚ್ಚಿಕೊಂಡ ಪಾದಗಳು. ಹಿಮ್ಮಡಿಯಲ್ಲಿ ಒಂದು ಬಿರುಕಿರಲಿಲ್ಲ. ಉಗುರುಗಳು ಮಾತ್ರ ಬೆಳೆದಿದ್ದವು. ಅವನ್ನು ತೆಗೆಯಲು ಅವರ ಕೈಗೆ ಆಗುತ್ತಿರಲಿಲ್ಲ, ತಂಗಿಗೆ ಧೈರ್ಯ ಸಾಲುತ್ತಿರಲಿಲ್ಲ. ನಾನು ಚೀಲದಿಂದ ಕತ್ತರಿ ತೆಗೆದೆ.

"ನೋಡ್ಕೊಂಡು ತೆಗಿ" ಎಂದು ಅಕ್ಕ ಕಣ್ಣು ಮುಚ್ಚಿ ಗೋಡೆಗೆ ಒರಗಿದರು. "ಚರ್ಮ ಕತ್ತರಿಸಿದ್ರೂ ನನಗ ಗೊತ್ತಾಗಂಗಿಲ್ಲ."