ದೀಕ್ಷಾಸ್ನಾನಕ್ಕೆ ನಾನು ಹೇಳಿದ ಅರ್ಥ

ಪದಗಳ ಅರ್ಥ ಹೇಳುವ ಚಟ ನನಗೆ ನಶ್ಯದ ಚಟಕ್ಕಿಂತ ಮೊದಲೇ ಅಂಟಿಕೊಂಡದ್ದು. ನಶ್ಯದಿಂದ ತೊಂದರೆಯಾಗಿದ್ದು ನನ್ನ ಮೂಗಿಗೆ, ಮತ್ತು ನನ್ನ ಪಂಚೆ ಒಗೆಯುವ ಹೆಂಡತಿಗೆ. ಅರ್ಥ ಹೇಳಿದ್ದರಿಂದ ಒಮ್ಮೆ ಒಂದು ಮನೆಯೇ ಒಡೆಯುವುದರಲ್ಲಿತ್ತು. ಇಷ್ಟು ವರ್ಷ ಯಾರಲ್ಲೂ ಹೇಳಿಕೊಂಡಿರಲಿಲ್ಲ, ನಿಮ್ಮಲ್ಲಿ ಹೇಳುತ್ತೇನೆ.

ಎರಡನೇ ಮಹಾಯುದ್ಧದ ಕಾಲ. ನಾನು ಮುಳಬಾಗಿಲಿನ ಮಿಡ್ಲ್ ಸ್ಕೂಲಿನಲ್ಲಿ ಕನ್ನಡ ಪಂಡಿತ. ನಮ್ಮ ಬೀದಿಯ ತುದಿಯಲ್ಲಿ ವೆಂಕಟಮ್ಮ ಎಂಬ ವಿಧವೆ ಕಡಲೆಪುರಿ ಹುರಿದು ಮಾರುತ್ತಿದ್ದಳು. ಮನೆಯಲ್ಲಿ ತೆಲುಗು, ಗಿರಾಕಿಗಳ ಹತ್ತಿರ ಕನ್ನಡ, ಸಾಬರ ಹತ್ತಿರ ಅವರದೇ ಮಾತು. ಓದು ಮಾತ್ರ ಯಾವುದರಲ್ಲೂ ಇಲ್ಲ. ಅವಳ ಒಬ್ಬಳೇ ಮಗಳು ನಾಗರತ್ನ ಕೋಲಾರದ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಕಲಿಯುತ್ತಿದ್ದಳು. ಮಗಳ ಕಾಗದ ಬಂದಾಗಲೆಲ್ಲ ವೆಂಕಟಮ್ಮ ಸೆರಗಿಗೆ ಕೈ ಒರೆಸಿಕೊಂಡು ನಮ್ಮ ಜಗಲಿಗೆ ಬರುವಳು, ನಾನು ಓದಿ ಹೇಳುವೆ.

ಒಂದು ಮಧ್ಯಾಹ್ನ ಬಂದ ಕಾಗದದಲ್ಲಿ, "ಹೋದ ಭಾನುವಾರ ನಾನು ದೀಕ್ಷಾಸ್ನಾನ ಪಡೆದೆನಮ್ಮಾ" ಎಂದಿತ್ತು.

"ಹಂಗಂದ್ರೆ ಏನು ಮೇಷ್ಟ್ರೇ?"

ಮಗಳು ಕ್ರೈಸ್ತಳಾಗಿದ್ದಾಳೆ ಎಂದು ಮೆಲ್ಲಗೆ ಒಂದು ಮಾತು ಹೇಳಿ ಸುಮ್ಮನಿದ್ದರೆ ಸಾಕಿತ್ತು. ನಾನು ಹೇಳಿದೆ, ಸುಮ್ಮನಿರಲಿಲ್ಲ. ಕಾಗದವನ್ನು ಮಡಿಸಿ ಪಕ್ಕಕ್ಕಿಟ್ಟು ಸಮಾಸ ಬಿಡಿಸತೊಡಗಿದೆ. ದೀಕ್ಷೆ ಎಂದರೆ ಜ್ಞಾನವನ್ನು ಕೊಡುವುದು, ಪಾಪವನ್ನು ಕ್ಷಯಗೊಳಿಸುವುದು. ಯಜ್ಞಕ್ಕೆ ಕುಳಿತವನು ಮತ್ತೆ ಗರ್ಭ ಸೇರಿ ಹುಟ್ಟಿದಂತೆ ಎಂದು ನಮ್ಮ ಹಿಂದಿನವರು ತಿಳಿದಿದ್ದರು. ಅದಕ್ಕೆ ಸ್ನಾನ ಸೇರಿದರೆ ಹಳೆಯ ಜನ್ಮ ತೊಳೆದು ಹೋಗಿ ಹೊಸ ಜನ್ಮ. ತರಗತಿಯಲ್ಲಿ ಯಾರೂ ಇಷ್ಟು ಗಮನವಿಟ್ಟು ಕೇಳಿದ್ದಿಲ್ಲ. ನನಗೆ ಹುರುಪು ಬಂದಿತ್ತು.

"ಹಂಗಾದ್ರೆ ನಾನು ಹೆತ್ತಿದ್ದೂ ತೊಳ್ಕೊಂಡು ಹೋಯ್ತಾ?"

"ಪದದ ಅರ್ಥ ಹಿಡಿದರೆ ಹಾಗೇ" ಎಂದೆ.

ವೆಂಕಟಮ್ಮ ಎದ್ದು ಹೋದಳು. ಬೀದಿಯ ಬಾವಿಯಲ್ಲಿ ನೀರು ಸೇದಿ, ಉಟ್ಟ ಸೀರೆಯಲ್ಲೇ ತಲೆಯ ಮೇಲೆ ಸುರಿದುಕೊಂಡಳು. ಸಾವಿನ ಸುದ್ದಿ ಬಂದ ಮನೆಯವರು ಮಾಡುವ ಸ್ನಾನ ಅದು. ಬೀದಿಗೆ ಬೀದಿಯೇ ನಿಂತು ನೋಡಿತು.

ಅವಳು ಬಿಟ್ಟುಹೋದ ಕಾಗದವನ್ನು ಆಮೇಲೆ ಬಿಚ್ಚಿ ನೋಡಿದೆ. ನಾನು ಓದದೆ ಮಡಿಸಿದ್ದ ಕೊನೆಯ ಸಾಲು ಹೀಗಿತ್ತು: "ಏನೇ ಆದರೂ ನಾನು ನಿನ್ನ ಮಗಳೇ. ಬಂದು ಎಲ್ಲ ಹೇಳಲಾ?" ಓಡಿಹೋಗಿ ಓದುತ್ತೇನೆಂದರೆ ವೆಂಕಟಮ್ಮ ಕದ ತೆರೆಯಲಿಲ್ಲ. ಮೂರು ದಿನ ಅವಳ ಒಲೆ ಹೊತ್ತಲಿಲ್ಲ. ನನ್ನ ಹೆಂಡತಿ ಒಂದೇ ಮಾತು ಹೇಳಿದಳು: "ನೀವೇ ಹೋಗಿ ಆ ಹುಡುಗೀನ ಕರ್ಕೊಂಡ್ಬನ್ನಿ."

ಭಾನುವಾರ ಬೆಳಗ್ಗೆ, ಪೆಟ್ರೋಲಿಲ್ಲದೆ ಇದ್ದಿಲಿನ ಅನಿಲದಲ್ಲಿ ಓಡುತ್ತಿದ್ದ ಬಸ್ಸು ಹತ್ತಿ ಕೋಲಾರಕ್ಕೆ ಹೋದೆ. ನಾಗರತ್ನ ರಜೆ ಕೇಳಲು ಒಳಗೆ ಹೋದಾಗ ಅಲ್ಲಿನ ಚರ್ಚಿನ ಮುದುಕ ಉಪದೇಶಿಯೊಬ್ಬರು ನನ್ನ ಜೊತೆ ಬೆಂಚಿನ ಮೇಲೆ ಕೂತರು. ಮನೆ ಒಡೆದ ಪದದ ಮೂಲವನ್ನು ಆಗಲೂ ಕೇಳದಿರಲು ನನ್ನಿಂದ ಆಗಲಿಲ್ಲ, ನೋಡಿ!

"ಮೂಲ ಗ್ರೀಕ್ ಮಾತು ಮೇಷ್ಟ್ರೇ. ಅದ್ದೋದು, ಮುಳುಗಿಸೋದು ಅಂತ. ಬಟ್ಟೇನ ಬಣ್ಣಕ್ಕೆ ಅದ್ದೋರೂ ಅದೇ ಬಳಗದ ಮಾತು ಆಡ್ತಿದ್ರಂತೆ. ತೆಲುಗಿನೋರು ಆ ಸದ್ದನ್ನೇ ಇಟ್ಕೊಂಡು ಬಾಪ್ತಿಸ್ಮ ಅಂದ್ರು. ರೋಮನ್ ಕ್ಯಾಥೊಲಿಕ್ ಸಭೆಯೋರು ಜ್ಞಾನಸ್ನಾನ ಅಂತಾರೆ. ನಾವು ದೀಕ್ಷೇನ ನಿಮ್ಮ ಮನೆಯಿಂದ ಎರವಲು ತಂದ್ವಿ."

ಎರವಲು ಕೊಟ್ಟ ಮನೆಯವನಾಗಿ ನಾನು ತಲೆತಗ್ಗಿಸಿ ಕೂತಿದ್ದೆ.

ಹಿಂದಿರುಗುವಾಗ ನಡುದಾರಿಯಲ್ಲಿ ಬಸ್ಸು ನಿಂತು, ಇಬ್ಬರೂ ಇಳಿದು ನೂಕಿದೆವು. ಮನೆ ಮುಟ್ಟುವ ಹೊತ್ತಿಗೆ ನಾಗರತ್ನಳ ಬಿಳಿ ಸೀರೆ, ಮುಖ, ಕೂದಲು ಎಲ್ಲ ಮಸಿ. ವೆಂಕಟಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಒಳಗೆ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಉಪದೇಶಿಗಳು ಹೇಳಿದ ಬಣ್ಣದ ಮಾತು ನನ್ನ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು. ನುಂಗಿಕೊಂಡೆ.

"ಯಾವ ಕೆರೇಲಿ ಮುಳುಗಿಸಿದ್ರೇ?" ಎಂದಳು ತಾಯಿ ಕೊನೆಗೆ.

"ಕೆರೆ ಎಲ್ಲಿಂದ ಬಂತಮ್ಮಾ? ಒಂದು ಬಟ್ಟಲಿತ್ತು. ಪಾದ್ರಿಗಳು ಬೆರಳು ಅದ್ದಿ ಮೂರು ಸಲ ತಲೆ ಮೇಲೆ ನೀರು ಹಾಕಿದ್ರು, ಅಷ್ಟೇ."

"ಅಷ್ಟೇನಾ? ತಲೆ ನೆನೀಲಿಲ್ವಾ?"

"ಇಲ್ಲಮ್ಮಾ."

ವೆಂಕಟಮ್ಮ ನನ್ನ ಕಡೆ ತಿರುಗಿದಳು. ಆ ನೋಟಕ್ಕೆ ಇವತ್ತಿಗೂ ನನ್ನಲ್ಲಿ ಸರಿಯಾದ ಶಬ್ದವಿಲ್ಲ. ಹೊಸ್ತಿಲು ದಾಟಿ ಬಂದು ಮಗಳ ಜಡೆಯನ್ನು ಕೈಗೆತ್ತಿಕೊಂಡು ಮೂಸಿದಳು. "ಥೂ, ಏನೇ ಇದು, ಒಲೆ ಬೂದಿ ಇದ್ದಂಗೈತೆ! ಎಣ್ಣೆ ಕಂಡು ಎಷ್ಟು ದಿನ ಆಯ್ತು? ರಾವೇ, ತಲಂಟು ಪೋಸ್ತಾ." ಬಾರೇ, ತಲೆಗೆ ಎಣ್ಣೆ ತಿಕ್ಕಿ ನೀರು ಹಾಕ್ತೀನಿ ಎಂದು ಅದರ ಅರ್ಥ.

ಹಿತ್ತಲಲ್ಲಿ ಹಂಡೆಗೆ ಉರಿ ಬಿತ್ತು. ಹರಳೆಣ್ಣೆ, ಸೀಗೆಪುಡಿ, ಚೊಂಬಿನ ಮೇಲೆ ಚೊಂಬು ನೀರು. ನಡುವೆ ಬೈಗುಳ, ಕಣ್ಣು ಉರಿಯುತ್ತೆಂದು ಮಗಳ ಕೂಗಾಟ, ಆಮೇಲೆ ಇಬ್ಬರ ಅಳು. ನನ್ನನ್ನು ಯಾರೂ ಹೋಗು ಅನ್ನಲಿಲ್ಲವಾದ್ದರಿಂದ ನಾನು ಅವರ ಜಗಲಿಯ ಮೇಲೇ ಕೂತಿದ್ದೆ. ತಾಯಿ ಮಗಳ ಧರ್ಮವನ್ನು ಒಪ್ಪಿದಳೆಂದು ನಾನು ಹೇಳಲಾರೆ. ಅದು ಅವಳಿಗೆ ಕೊನೆಯವರೆಗೂ ಹಿಡಿಸಲಿಲ್ಲ. ಆದರೆ ಮಗಳು ತಿಂಗಳಿಗೊಮ್ಮೆ ಬರುವುದು ತಪ್ಪಲಿಲ್ಲ.

ಆ ಸಂಜೆ ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು ನಾಗರತ್ನ ಊಟಕ್ಕೆ ಕೂತಳು. ಬಿಸಿ ಮುದ್ದೆ, ಹುರುಳಿ ಸಾರು ಮುಂದೆ ಬಂತು. ಅವಳು ತಿನ್ನಲಿಲ್ಲ, ಕೈಮುಗಿದು ಕಣ್ಣು ಮುಚ್ಚಿದಳು. ವೆಂಕಟಮ್ಮ ಸೌಟು ಹಿಡಿದು ನಿಂತೇ ಇದ್ದಳು. ಇನ್ನೇನು ಸಿಡಿಯುತ್ತಾಳೆ ಎಂದುಕೊಂಡೆ.

"ಬೇಗ ಹೇಳ್ಕೊಳ್ಳೇ" ಎಂದಳು. "ನಿಮ್ಮ ದೇವ್ರಿಗೂ ಗೊತ್ತಿರ್ತದೆ, ಮುದ್ದೆ ಆರೋದ್ರೆ ಚೆನ್ನಾಗಿರಲ್ಲ ಅಂತ."